ಹೈಸ್ಕೂಲಿನ ಹೆಲ್ತ್ ಕೇರ್ ಪ್ರಾಕ್ಟಿಕಲ್: ಎಣಿಸಿದ್ದನ್ನೇ ಬರೆಯಲಿ

ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ವೃತ್ತಿಶಿಕ್ಷಣದ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲು ಐಟಿ, ರಿಟೇಲ್, ಆಟೊಮೊಬೈಲ್ ತರಹದ ವಿಷಯಗಳ ಜೊತೆ ಹೆಲ್ತ್ ಕೇರ್ ಕೂಡ ತೆಗೆದುಕೊಳ್ಳಬಹುದು. ಈ ವಿಷಯಗಳ ಪಠ್ಯ ಸಿದ್ಧಪಡಿಸುವುದು ಎನ್‌ಸಿಇಆರ್‌ಟಿಗೆ ಸೇರಿದ ಭೋಪಾಲದ ವೃತ್ತಿಶಿಕ್ಷಣ ಸಂಸ್ಥೆ. ಪಾಠ ಓದಿಸುವುದರಲ್ಲಿ ಅಂಥ ತೊಡಕಿಲ್ಲ, ತೊಡಕಿರುವುದು ಪ್ರಾಕ್ಟಿಕಲ್‌ನಲ್ಲಿ. ರೆಕಾರ್ಡ್ ಪುಸ್ತಕ ತುಂಬಿರುತ್ತದೆ, ಚಿತ್ರಗಳಿಗೆ ಬಣ್ಣ ಬಳಿದಿರುತ್ತದೆ. ಆದರೆ ಪಕ್ಕದವನ ನಾಡಿ ನೋಡು ಎಂದರೆ ಮೊದಲು ಮುಂದೆ ಹೋಗುವುದು ಹೆಬ್ಬೆರಳು.

ಮೊದಲ ಎರಡು ತಿಂಗಳು ಕೈತೊಳೆಯುವುದು, ನಾಡಿ, ಉಸಿರು, ಮೈಬಿಸಿ, ಇಷ್ಟಕ್ಕೇ ಮೀಸಲಿಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸೆಕೆಂಡ್ ಮುಳ್ಳಿರುವ ಒಂದು ಗೋಡೆ ಗಡಿಯಾರ, ನಾಲ್ಕೈದು ಡಿಜಿಟಲ್ ಥರ್ಮಾಮೀಟರ್, ಹತ್ತಿ, ಸ್ಪಿರಿಟ್, ಸೋಪು, ನೀರು ಇದ್ದರೆ ಸಾಕು. ಲ್ಯಾಬ್ ಸಾಮಾನು ಇನ್ನೂ ಬಂದಿಲ್ಲ ಎಂದು ಕಾಯುವ ಶಾಲೆಗಳು ಇದನ್ನಂತೂ ನಾಳೆಯೇ ಶುರುಮಾಡಬಹುದು.

ಕೈತೊಳೆಯುವ ಹಂತಗಳ ಚಾರ್ಟ್ ಎಲ್ಲ ಕಡೆ ಗೋಡೆಯ ಮೇಲಿದೆ. ಅದನ್ನು ಬಾಯಿಪಾಠ ಮಾಡಿಸಿದರೆ ಕೈ ಸ್ವಚ್ಛವಾಗುವುದಿಲ್ಲ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಅಂಗೈಗೆ ಒಂದು ಚಮಚ ಪೋಸ್ಟರ್ ಕಲರ್ ಹಾಕಿ, ಸೋಪು ಉಜ್ಜಿದಂತೆ ಅರ್ಧ ನಿಮಿಷ ಉಜ್ಜಲು ಹೇಳಿ. ಬಟ್ಟೆ ಬಿಚ್ಚಿದಾಗ ಬಣ್ಣ ತಾಗದೆ ಉಳಿದ ಜಾಗಗಳು ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ: ಹೆಬ್ಬೆರಳ ಸುತ್ತ, ಉಗುರಿನ ತುದಿ, ಅಂಗೈಯ ಹಿಂಭಾಗ. ಸೋಪು ನೀರಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡ್, ಹ್ಯಾಂಡ್‌ರಬ್ (ಸ್ಯಾನಿಟೈಸರ್) ಆದರೆ 20ರಿಂದ 30 ಸೆಕೆಂಡ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಳೆ, ಉಂಗುರ, ವಾಚು ತೆಗೆದಿಡಬೇಕು. ತೊಳೆದ ಮೇಲೆ ಅದೇ ಕೈಯಲ್ಲಿ ನಲ್ಲಿ ತಿರುಗಿಸಿದರೆ ಮಾಡಿದ್ದೆಲ್ಲ ನೀರುಪಾಲು. ಕೈ ಒರೆಸಿದ ಟಿಶ್ಯೂವಿನಿಂದಲೋ ಮೊಣಕೈಯಿಂದಲೋ ನಲ್ಲಿ ನಿಲ್ಲಿಸಬೇಕು. ಒಂದೇ ಟವೆಲ್ಲನ್ನು ತರಗತಿಯೆಲ್ಲ ಒರೆಸಿಕೊಳ್ಳುವುದು ಬೇಡ.

ನಾಡಿಗೆ ಬರೋಣ. ಕೂತವರ ಕೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡಿಸಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ಒಂದು ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು, ಉಂಗುರದ ಬೆರಳುಗಳ ತುದಿ ಇಡಬೇಕು. ಹೆಬ್ಬೆರಳಲ್ಲಿ ನೋಡುವವರದೇ ಬಡಿತ ತಾಗುವ ಅಪಾಯವಿದೆ, ಅದಕ್ಕೇ ಅದು ಬೇಡ. ಗಟ್ಟಿಯಾಗಿ ಒತ್ತಿದರೆ ರಕ್ತನಾಳ ಮುಚ್ಚಿ ನಾಡಿ ಮಾಯವಾಗುತ್ತದೆ. ಮಕ್ಕಳು ಆಗ ಇನ್ನೂ ಗಟ್ಟಿ ಒತ್ತುತ್ತಾರೆ, ಸಡಿಲ ಬಿಡು ಎಂದು ಹೇಳಿಕೊಡಬೇಕು. ಪಳಗಿದವರು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬಹುದು, ಕಲಿಯುವವರಿಗೆ ಪೂರ್ತಿ ಒಂದು ನಿಮಿಷವೇ ಆಗಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ವ್ಯತ್ಯಾಸ. ನಡುವೆ ಲಯ ತಪ್ಪುವ ನಾಡಿಯಂತೂ ಗೊತ್ತೇ ಆಗುವುದಿಲ್ಲ. ರೆಕಾರ್ಡ್ ತಿದ್ದುವ ಮೇಷ್ಟ್ರಿಗೆ ಇದು ಸುಲಭವಾಗಿ ಸಿಕ್ಕಿಬೀಳುತ್ತದೆ: ಒಂದು ಪುಟದಲ್ಲಿ 72, 76, 80, 84 ಎಂದು ಎಲ್ಲವೂ ನಾಲ್ಕರ ಮಗ್ಗಿಯಲ್ಲಿದ್ದರೆ ಯಾರೂ ಪೂರ್ತಿ ನಿಮಿಷ ಎಣಿಸಿಲ್ಲ.

ಉಸಿರು ಎಣಿಸುವಾಗ ಹೇಳಿ ಎಣಿಸಬಾರದು. "ನಿನ್ನ ಉಸಿರು ನೋಡ್ತೀನಿ" ಎಂದ ಕೂಡಲೇ ಎದುರಿನವರು ಉಸಿರಾಡುವ ಬಗೆಯೇ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದರೂ ಮಣಿಕಟ್ಟು ಬಿಡದೆ, ಅವರ ಕೈಯನ್ನು ಎದೆಯ ಮೇಲೋ ಹೊಟ್ಟೆಯ ಮೇಲೋ ಇಟ್ಟುಕೊಂಡೇ ಇನ್ನೊಂದು ನಿಮಿಷ ಏರಿಳಿತ ನೋಡಬೇಕು. ಒಮ್ಮೆ ಏರಿ ಇಳಿದರೆ ಒಂದು. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20. ಎಲ್ಲಕ್ಕಿಂತ ಹೆಚ್ಚು ಎಣಿಸದೇ ಬರೆಯುವುದು ಈ ಅಂಕಿಯನ್ನೇ, ಶಾಲೆಯಲ್ಲೂ ವಾರ್ಡಿನಲ್ಲೂ. ಎಲ್ಲರಿಗೂ 18, ಎಲ್ಲರಿಗೂ 20. ರೋಗಿ ಹದಗೆಡುವಾಗ ಮೊದಲು ಏರುವ ಗುರುತುಗಳಲ್ಲಿ ಉಸಿರಿನ ವೇಗವೂ ಒಂದು. ಅಂದಾಜಿನಲ್ಲಿ 20 ಎಂದು ಬರೆದ ಚೀಟಿ ನೋಡಿದ ಡಾಕ್ಟರು ಮುಂದಿನ ಹಾಸಿಗೆಗೆ ಹೋಗಿಬಿಡುತ್ತಾರೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಹೇಳುವವರು ಬೇಕು ಅಷ್ಟೆ.

ಥರ್ಮಾಮೀಟರ್ ಬಗ್ಗೆ ಹೆಚ್ಚಿಲ್ಲ. ಪಾದರಸದ್ದು ಶಾಲೆಯಲ್ಲಿ ಇದ್ದರೆ ಬಳಕೆಯಿಂದ ತೆಗೆಯಿರಿ. ಕಂಕುಳಲ್ಲಿ ಇಡುವಾಗ ಬೆವರನ್ನು ಒತ್ತಿ ಒಣಗಿಸಬೇಕು, ಉಜ್ಜಿದರೆ ಚರ್ಮ ಬಿಸಿಯಾಗುತ್ತದೆ. ತುದಿ ಕಂಕುಳ ನಡುವಿಗೆ ಮುಟ್ಟಿರಲಿ, ಬೀಪ್ ಬರುವವರೆಗೆ ತೋಳು ಮೈಗೆ ಅಂಟಿರಲಿ. ಕಂಕುಳಲ್ಲಿ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುವುದರಿಂದ ಅಂಕಿಯ ಪಕ್ಕ "ಕಂಕುಳು" ಎಂದು ಬರೆಯದಿದ್ದರೆ ಆ ಅಂಕಿ ಅರ್ಧಂಬರ್ಧ.

ಬಿ.ಪಿ. ನೋಡುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ, ತಪ್ಪುಗಳು ಹೆಚ್ಚಾಗುವುದೂ ಇಲ್ಲೇ. ಸ್ಟೆತಸ್ಕೋಪಿನ ಕಿವಿತುದಿಗಳು ಮೂಗಿನ ಕಡೆಗೆ ಬಾಗಿರಬೇಕು. ಹಿಂದುಮುಂದಾಗಿ ಹಾಕಿಕೊಂಡರೆ ಸದ್ದು ಕ್ಷೀಣ. ಎರಡು ಮುಖವಿರುವ ಸ್ಟೆತಸ್ಕೋಪಾದರೆ ಯಾವ ಮುಖ ತೆರೆದಿದೆ ಎಂದು ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು. "ಕೇಳಿಸ್ತಾ ಇಲ್ಲ ಸಾರ್" ಎನ್ನುವವರಲ್ಲಿ ಬಹಳ ಮಂದಿಯದ್ದು ಈ ಎರಡರಲ್ಲಿ ಒಂದು.

ಕೂತವರಿಗೆ ಐದು ನಿಮಿಷ ವಿಶ್ರಾಂತಿ ಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ಮಾತಿಲ್ಲ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಕೆಳಗೆ ಜೋತುಬಿದ್ದರೆ ಬಿ.ಪಿ. ಹೆಚ್ಚು ತೋರಿಸುತ್ತದೆ. ತೋಳಿಗೆ ಸುತ್ತುವ ಪಟ್ಟಿಯ, ಅಂದರೆ ಕಫ್‌ನ ಕೆಳಅಂಚು ಮೊಣಕೈ ಮಡಿಕೆಯಿಂದ 2-3 ಸೆಂ.ಮೀ. ಮೇಲೆ. ಅದರೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನು ಸುತ್ತಬೇಕು. ಸಣ್ಣ ತೋಳಿಗೆ ದೊಡ್ಡ ಕಫ್ ಹಾಕಿದರೆ ಕಡಿಮೆ, ದಪ್ಪ ತೋಳಿಗೆ ಸಣ್ಣ ಕಫ್ ಹಾಕಿದರೆ ಹೆಚ್ಚು ತೋರಿಸುತ್ತದೆ. ಒಂಬತ್ತನೇ ತರಗತಿಯ ಬಡಕಲು ತೋಳುಗಳಿಗೆ ದೊಡ್ಡವರ ಕಫ್ ಸುತ್ತಿ ಅಭ್ಯಾಸ ಮಾಡಿಸಿದರೆ ಬರುವ ಅಂಕಿಗೆ ಅರ್ಥವಿಲ್ಲ. ಸಾಮಾನು ತರಿಸುವಾಗ ಚಿಕ್ಕ ಅಳತೆಯ ಕಫ್ ಒಂದಾದರೂ ಇರಲಿ.

ಮೊದಲು ಸ್ಟೆತಸ್ಕೋಪ್ ಇಲ್ಲದೆ, ಮಣಿಕಟ್ಟಿನ ನಾಡಿ ಹಿಡಿದುಕೊಂಡೇ ಗಾಳಿ ತುಂಬಿಸಿ. ನಾಡಿ ನಿಂತ ಅಂಕಿ ನೆನಪಿಟ್ಟುಕೊಂಡು ಗಾಳಿ ಪೂರ್ತಿ ಬಿಡಿ. ಒಂದು ನಿಮಿಷ ಬಿಟ್ಟು, ಸ್ಟೆತಸ್ಕೋಪನ್ನು ಮೊಣಕೈ ಮಡಿಕೆಯ ಒಳಬದಿಯಲ್ಲಿ ಇಟ್ಟು, ಆ ಅಂಕಿಗಿಂತ 30 ಹೆಚ್ಚಿಗೆ ಏರಿಸಿ ಸೆಕೆಂಡಿಗೆ 2-3ರಂತೆ ಇಳಿಸಿ. ಮೊದಲ ಟಕ್ ಸದ್ದು ಮೇಲಿನ ಬಿ.ಪಿ., ಸದ್ದು ಪೂರ್ತಿ ನಿಂತದ್ದು ಕೆಳಗಿನದು. ಸರ್ರನೆ ಗಾಳಿ ಬಿಟ್ಟರೆ ಮೇಲಿನದು ಕಡಿಮೆಯಾಗಿ, ಕೆಳಗಿನದು ಹೆಚ್ಚಾಗಿ ಸಿಗುತ್ತದೆ, ಏಕೆಂದರೆ ಎರಡು ಬಡಿತಗಳ ನಡುವೆ ಮುಳ್ಳು ಬಹಳ ದೂರ ಇಳಿದಿರುತ್ತದೆ. ಅರ್ಧದಲ್ಲಿ ಸಂಶಯ ಬಂದರೆ ಅಲ್ಲಿಂದಲೇ ಮತ್ತೆ ಪಂಪ್ ಮಾಡುವುದಲ್ಲ. ಪೂರ್ತಿ ಬಿಟ್ಟು, ನಿಮಿಷ ಕಾದು, ಮೊದಲಿನಿಂದ.

ಮುಳ್ಳಿನ ಡಯಲ್‌ನಲ್ಲಿ ಎರಡೆರಡಕ್ಕೆ ಒಂದು ಗೀಟು ಇರುತ್ತದೆ. ಹಾಗಾಗಿ ರೆಕಾರ್ಡಿನಲ್ಲಿ 117/73 ಎಂದಿದ್ದರೆ ಅದು ಡಯಲ್ ನೋಡಿ ಬರೆದದ್ದಲ್ಲ. ಎಲ್ಲ ಅಂಕಿಯೂ ಸೊನ್ನೆಯಲ್ಲೇ ಮುಗಿದಿದ್ದರೂ ಅನುಮಾನಿಸಬೇಕು. ಪರಿಹಾರ ಇದೆ: ಇಬ್ಬರು ಒಟ್ಟಿಗೆ ಕೇಳಬಲ್ಲ, ಎರಡು ಜೊತೆ ಕಿವಿತುದಿಗಳಿರುವ ಟೀಚಿಂಗ್ ಸ್ಟೆತಸ್ಕೋಪ್ ಸಿಗುತ್ತದೆ. ವಿದ್ಯಾರ್ಥಿ ಮತ್ತು ಶಿಕ್ಷಕರು ಇಬ್ಬರೂ ಒಂದೇ ಸಲ ಕೇಳಿ, ಬೇರೆ ಬೇರೆ ಚೀಟಿಯಲ್ಲಿ ಬರೆದು, ಆಮೇಲೆ ಹೋಲಿಸಬೇಕು. ವ್ಯತ್ಯಾಸ 4ರೊಳಗೆ ಬರುವವರೆಗೆ ಅಭ್ಯಾಸ. ಲ್ಯಾಬಿಗೆ ಒಂದೇ ಒಂದು ಹೊಸ ಸಾಮಾನು ಕೊಳ್ಳಲು ದುಡ್ಡಿದ್ದರೆ ಇದನ್ನೇ ಕೊಳ್ಳಿ. ಮತ್ತೊಂದು ಎಚ್ಚರ: ಯಾರದ್ದಾದರೂ ಬಿ.ಪಿ. ಹೆಚ್ಚು ಬಂದರೆ ತರಗತಿಯ ಮುಂದೆ ಕೂಗಿ ಹೇಳಬಾರದು. ಶಿಕ್ಷಕರು ಪಕ್ಕಕ್ಕೆ ಕರೆದು, ಸರಿಯಾದ ಕಫ್ ಹಾಕಿ ಮತ್ತೊಮ್ಮೆ ನೋಡಿ, ಆಗಲೂ ಹೆಚ್ಚಿದ್ದರೆ ಮನೆಯವರಿಗೆ ತಿಳಿಸಿ ಡಾಕ್ಟರ ಹತ್ತಿರ ಕಳಿಸಬೇಕು.

ಇದೇ ಶಿಸ್ತು ರೋಗಿಯ ಮೈಯೊಳಗೆ ಹೋದ, ಹೊರಗೆ ಬಂದ ದ್ರವದ ಲೆಕ್ಕ ಬರೆಯುವ ಇನ್‌ಟೇಕ್-ಔಟ್‌ಪುಟ್ ಚಾರ್ಟಿಗೂ ಸಲ್ಲುತ್ತದೆ. "ಒಂದು ಲೋಟ ಗಂಜಿ" ಎನ್ನುವುದು ಅಳತೆಯಲ್ಲ. ಮಕ್ಕಳು ತಮ್ಮ ಮನೆಯ ಲೋಟ, ಚೊಂಬು, ಬಟ್ಟಲು ತಂದು ಅಳತೆ ಜಾರಿನಲ್ಲಿ ಎಷ್ಟು ಮಿ.ಲೀ. ಎಂದು ನೋಡಿ ಪಟ್ಟಿ ಮಾಡಲಿ. ಮನೆಯಿಂದ ಮನೆಗೆ ಲೋಟ ಎಷ್ಟು ಬೇರೆ ಎಂದು ಆಗ ತಿಳಿಯುತ್ತದೆ. ನೀರು ಮಾತ್ರವಲ್ಲ, ಗಂಜಿ, ಮಜ್ಜಿಗೆ, ಎಳನೀರು, ಕಾಫಿ, ಡ್ರಿಪ್ ಎಲ್ಲವೂ ಒಳಹೋದದ್ದೇ. ಹೊರಗೆ ಹೋದದ್ದರಲ್ಲಿ ವಾಂತಿ ಬರೆಯಲು ಮರೆಯುತ್ತಾರೆ. ಮೂತ್ರದ ಚೀಲದ ಮೇಲಿನ ಗೆರೆಗಳು ಅಂದಾಜಿನವು, ಜಾರಿಗೆ ಬಸಿದು, ಸಮತಟ್ಟು ಜಾಗದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ಓದಬೇಕು. ಬಣ್ಣದ ನೀರು ತುಂಬಿದ ಚೀಲದಲ್ಲಿ ಇದನ್ನು ಶಾಲೆಯಲ್ಲೇ ಕಲಿಸಬಹುದು. ಚೀಲ ಯಾವತ್ತೂ ರೋಗಿಯ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಸ್ಟ್ರೆಚರಿಗೆ ಬದಲಿಸುವ ಗಡಿಬಿಡಿಯಲ್ಲಿ ಯಾರೋ ಅದನ್ನು ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಆಗ ಮೂತ್ರ ಹಿಂದಕ್ಕೆ ಹರಿದು ಸೋಂಕಿಗೆ ದಾರಿಯಾಗುತ್ತದೆ.

ವೀಲ್‌ಚೇರ್: ಹಾಸಿಗೆಗೆ ಓರೆಯಾಗಿ, ರೋಗಿಯ ಬಲವಿರುವ ಬದಿಗೆ ನಿಲ್ಲಿಸಿ ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ. ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಿ. ವಿದ್ಯಾರ್ಥಿ ಒಬ್ಬರೇ ಯಾರನ್ನೂ ಎತ್ತಬಾರದು, ಅಭ್ಯಾಸಕ್ಕಿಟ್ಟ ಗೊಂಬೆಯನ್ನು ಬಿಟ್ಟರೆ.

ಆಸ್ಪತ್ರೆ ತ್ಯಾಜ್ಯದ ಬಣ್ಣಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿಗೆ. ಡ್ರಿಪ್ ಸೆಟ್, ಮೂತ್ರದ ಚೀಲ, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಸೀಸೆ ನೀಲಿಗೆ. ಪರೀಕ್ಷೆಯಲ್ಲಿ ಇದನ್ನು ಎಲ್ಲರೂ ಸರಿ ಬರೆಯುತ್ತಾರೆ. ಸಿರಿಂಜ್ ಕೈಯಲ್ಲಿ ಕೊಟ್ಟು ಹಾಕು ಎಂದಾಗ ಸೂಜಿಸಮೇತ ಕೆಂಪಿಗೆ ಹಾಕುತ್ತಾರೆ. ಆದ್ದರಿಂದ ಬಳಸದ, ಸೂಜಿಯಿಲ್ಲದ ನಿಜವಾದ ಸಾಮಾನು ಇಟ್ಟು ಆಡಿಸಿ ಕಲಿಸಿ. ಸೂಜಿಯ ಜಾಗದಲ್ಲಿ ಸ್ಟ್ರಾ ತುಂಡು ಸಾಕು.

ಆಸ್ಪತ್ರೆ ಭೇಟಿ ಅಂದರೆ ನಲವತ್ತು ಮಕ್ಕಳು ಸಾಲಾಗಿ ವಾರ್ಡು ಸುತ್ತಿ, ಫೋಟೊ ತೆಗೆಸಿಕೊಂಡು ಬರುವುದು ಎಂದಾಗಿದೆ. ಅದರಿಂದ ರೋಗಿಗೂ ಕಷ್ಟ, ಕಲಿಕೆಯೂ ಇಲ್ಲ. ಐದಾರು ಮಕ್ಕಳ ಗುಂಪು ಮಾಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದೊಂದು ದಿನ ಒಂದೊಂದು ಗುಂಪು ಕಳಿಸಿ, ಒಂದು ನಿರ್ದಿಷ್ಟ ಕೆಲಸ ಕೊಡಿ. ಒಳ್ಳೆಯ ಕೆಲಸವೊಂದು ಹೇಳುತ್ತೇನೆ. ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ಜಿನ ಉಷ್ಣಾಂಶವನ್ನು ದಿನಕ್ಕೆರಡು ಸಲ ನೋಡಿ ಬರೆಯುತ್ತಾರೆ, ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ವೃತ್ತದಷ್ಟೇ ಅಥವಾ ಅದಕ್ಕಿಂತ ಗಾಢವಾದರೆ ಬಿಸಿ ತಾಗಿ ಕೆಟ್ಟಿದೆ ಎಂದರ್ಥ. ಸಿಬ್ಬಂದಿ ತೋರಿಸಿದ್ದನ್ನು ನೋಡಿ, ಆ ಹೊತ್ತಿನ ಉಷ್ಣಾಂಶ ಬರೆದುಕೊಂಡು ಬರಲಿ. ಮೊಬೈಲ್ ಶಾಲೆಯಲ್ಲೇ ಇರಲಿ. ರೋಗಿಯ ಹೆಸರು ರೆಕಾರ್ಡಿಗೆ ಬರಬಾರದು. ಸೂಜಿ, ರಕ್ತ ಮುಟ್ಟುವ ಯಾವ ಕೆಲಸವನ್ನೂ ಮಕ್ಕಳಿಗೆ ಕೊಡಬಾರದು. ಸಿಬ್ಬಂದಿ ಕಡಿಮೆ ಇದ್ದಾರೆಂದು ವಾರ್ಡು ಒರೆಸಲು, ಸ್ಟ್ರೆಚರ್ ತಳ್ಳಲು ನಿಲ್ಲಿಸಿದರೆ ಶಿಕ್ಷಕರು ಮುಲಾಜಿಲ್ಲದೆ ಬೇಡ ಎನ್ನಬೇಕು.

ಕೊನೆಗೆ ತಂದೆತಾಯಿ ಕೇಳುವ ಪ್ರಶ್ನೆ: ಇದನ್ನು ಓದಿದರೆ ನರ್ಸ್ ಆಗ್ತಾಳಾ? ಇದರಿಂದಲೇ ಆಗುವುದಿಲ್ಲ. ಇದು ಕೈ ಪಳಗಿಸುವ, ಈ ಕ್ಷೇತ್ರ ಮಗುವಿಗೆ ಒಗ್ಗುತ್ತದೆಯೇ ಎಂದು ನೋಡುವ ಓದು. ಪಿಯುಸಿ ನಂತರ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಹೆರಿಗೆ ಶುಶ್ರೂಷೆ) 2 ವರ್ಷ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆ ಡಿಪ್ಲೊಮಾ) 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಜಿಎನ್‌ಎಂ ಕಲಾ ವಿಭಾಗದವರಿಗೂ ತೆರೆದಿದೆ. ಹಾಗಾಗಿ ಪಿಯುಸಿಗೆ ಯಾವ ವಿಭಾಗ ಎಂಬ ನಿರ್ಧಾರ ಆಗಬೇಕಾದದ್ದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲೇ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಟೆಕ್ನೀಷಿಯನ್ ಆಗಬೇಕೆಂದರೆ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ.

ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಆರು ತಿಂಗಳಲ್ಲಿ ನರ್ಸಿಂಗ್, ಕೆಲಸ ಗ್ಯಾರಂಟಿ" ಎಂಬ ಪೋಸ್ಟರುಗಳಿಗೆ ಬಲಿಯಾಗುವುದು ಹೆಚ್ಚಾಗಿ ಬಡವರ ಮನೆಯ ಹೆಣ್ಣುಮಕ್ಕಳು. ಅಂಥ ಸರ್ಟಿಫಿಕೇಟಿಗೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದವರು ನರ್ಸ್ ಅಲ್ಲ. ಅಲೈಡ್ ಹೆಲ್ತ್ (ಟೆಕ್ನೀಷಿಯನ್ ತರಹದ) ಕೋರ್ಸುಗಳಿಗೂ 2021ರ ಕೇಂದ್ರ ಕಾಯ್ದೆ ಕನಿಷ್ಠ 2,000 ಗಂಟೆಗಳ, ಎರಡರಿಂದ ನಾಲ್ಕು ವರ್ಷದ ಓದನ್ನು ಗೊತ್ತುಮಾಡಿದೆ. ಶುಲ್ಕ ಕಟ್ಟುವ ಮೊದಲು ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್, ಟೆಕ್ನೀಷಿಯನ್ ಕೋರ್ಸಾದರೆ ಪ್ಯಾರಾಮೆಡಿಕಲ್ ಮಂಡಳಿಯ ಆ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರು ಮತ್ತು ಕೋರ್ಸಿನ ಹೆಸರು ಎರಡೂ ಇವೆಯೇ ನೋಡಿ. ಕಾಲೇಜಿಗೆ ಮಾನ್ಯತೆ ಇದ್ದು, ಮಗು ಸೇರುತ್ತಿರುವ ಕೋರ್ಸಿಗೆ ಇಲ್ಲದಿರುವುದೂ ಉಂಟು.