ಚಂದ್ರಿ ಕಿರುಚಿದ ಬೆಳಗ್ಗೆ

ಅವತ್ತು ಭಾನುವಾರ. ಬೆಳಗ್ಗೆ ಆರೂವರೆಗೆ ಚಂದ್ರಿಯನ್ನು ಕರೆದುಕೊಂಡು ಕೆರೆ ಏರಿಯ ಕಡೆ ಹೊರಟೆ. ಅವಳ ಕೊರಳಲ್ಲಿ ಹೊಸ ಶಾಕ್ ಬೆಲ್ಟ್ ಇತ್ತು, ನನ್ನ ಕೈಯಲ್ಲಿ ಅದರ ರಿಮೋಟ್.

ಚಂದ್ರಿ ಮುಧೋಳ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಒಂದು ಕೇಂದ್ರವಿದೆ, ಅಲ್ಲಿಂದ ತಂದ ಮರಿ. ಮನೆಯೊಳಗೆ ತುಂಬಾ ಮೆತ್ತಗಿನ ಜೀವ. ಆದರೆ ಈ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ದೂರದಲ್ಲಿ ಏನಾದರೂ ಓಡಿದರೆ ಸಾಕು, ಎಷ್ಟು ಕೂಗಿದರೂ ಅವಳಿಗೆ ಕೇಳಿಸುವುದಿಲ್ಲ. ನಾವಿರುವುದು ತುಮಕೂರಿನ ಹೊರಗಿನ ಹಳ್ಳಿಯಲ್ಲಿ. ಎಲ್ಲಿ ನೋಡಿದರೂ ಮೇಕೆ, ಕೋಳಿ, ನವಿಲು. ಅದರ ಹಿಂದಿನ ತಿಂಗಳು ಮೇಕೆ ಕಾಯುವ ತಾತನ ಮರಿಯೊಂದರ ಕಾಲು ಕಚ್ಚಿಬಿಟ್ಟಿದ್ದಳು. ಮರಿ ಉಳಿಯಿತು. ತಾತ ಬೈಯಲಿಲ್ಲ. "ಇನ್ನೊಂದ್ ಸಲ ಹಿಂಗಾದ್ರೆ ಯಾರಾದ್ರೂ ಹೊಡೆದು ಹಾಕ್ತಾರೆ ಕಣವ್ವಾ, ಹುಷಾರು" ಅಂದರು. ಆ ಮಾತು ನನ್ನ ನಿದ್ದೆ ಕೆಡಿಸಿತು. ನಾಯಿ ತರಬೇತಿ ಕೊಡುವವರೊಬ್ಬರನ್ನು ಕೇಳಿದೆ. ಶಾಕ್ ಬೆಲ್ಟ್ ಹಾಕಿ, ವಾರದಲ್ಲಿ ಸರಿಹೋಗುತ್ತೆ ಅಂದರು. ತರಿಸಿದೆ.

ಬೆಲ್ಟಿನಲ್ಲಿ ಒಂದು ಪುಟ್ಟ ಡಬ್ಬಿ. ಅದರಿಂದ ಎರಡು ಲೋಹದ ಮೊಳೆ ಹೊರಗೆ ಬಂದು ನಾಯಿಯ ಚರ್ಮಕ್ಕೆ ತಾಗುತ್ತವೆ. ರಿಮೋಟಿನಲ್ಲಿ ಮೂರು ಗುಂಡಿ: ಬೀಪ್, ನಡುಕ, ಶಾಕ್. ಶಾಕಿಗೆ 1ರಿಂದ 100ರವರೆಗೆ ಮಟ್ಟಗಳು. ಮೊದಲು ಬೀಪ್ ಕೊಡಿ, ನಿಲ್ಲದಿದ್ದರೆ ಶಾಕ್ ಕೊಡಿ ಅಂತ ಹೇಳಿಕೊಟ್ಟಿದ್ದರು. ಹಿಂದಿನ ರಾತ್ರಿ ನನ್ನ ಮುಂಗೈಗೇ ಇಟ್ಟು ನೋಡಿದ್ದೆ. 10ರಲ್ಲಿ ಇರುವೆ ಹರಿದ ಹಾಗಿತ್ತು. 30ಕ್ಕೆ ಕೈ ತಾನಾಗಿ ಹಿಂದಕ್ಕೆ ಹೋಯಿತು. ಅದಕ್ಕಿಂತ ಮೇಲೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಅಲ್ಲಿಗೇ ಬಿಟ್ಟುಬಿಡಬೇಕಿತ್ತು, ಅಲ್ವಾ?

ಏರಿಯ ಮೇಲೆ ಹೋಗುತ್ತಿದ್ದಂತೆ ಕೆಳಗಡೆ ಮೇಕೆಗಳು ಕಂಡವು. ಚಂದ್ರಿಯ ಕಿವಿ ನೆಟ್ಟಗಾಯಿತು. ಮರುಕ್ಷಣ ಓಡಿದಳು. ಬೀಪ್ ಒತ್ತಿದೆ, ನಿಲ್ಲಲಿಲ್ಲ. 20ರ ಶಾಕ್ ಕೊಟ್ಟೆ, ತಿರುಗಿಯೂ ನೋಡಲಿಲ್ಲ. ಗಾಬರಿಯಲ್ಲಿ 40 ಮಾಡಿದೆ, ಆಮೇಲೆ 60.

ಆಗ ಕಿರುಚಿದಳು. ಆ ಸದ್ದನ್ನು ನಾನು ಅವಳಿಂದ ಯಾವತ್ತೂ ಕೇಳಿರಲಿಲ್ಲ. ಗಾಳಿಯಲ್ಲೇ ಮೈ ತಿರುಚಿಕೊಂಡು ಬಿದ್ದು, ಎದ್ದು, ಬಾಲ ಹೊಟ್ಟೆಯಡಿ ಸೇರಿಸಿಕೊಂಡು ಮನೆ ಕಡೆ ಓಡಿದಳು.

ಯಾಕೆ ಹೀಗಾಯಿತು ಅಂತ ಆಮೇಲೆ ಗೊತ್ತಾಯಿತು. ಮುಧೋಳ ನಾಯಿಗೆ ಉದ್ದನೆಯ ಸಣ್ಣ ಕುತ್ತಿಗೆ. ಬಿಗಿಯಾದರೆ ನೋಯುತ್ತದೆ ಅಂತ ಪಾಪ ಅನಿಸಿ ಒಂದು ತೂತು ಸಡಿಲ ಕಟ್ಟಿದ್ದೆ. ಮೊಳೆಗಳು ಸರಿಯಾಗಿ ತಾಗಿರಲಿಲ್ಲ. ಮೊದಲಿನ ಶಾಕ್ ಅವಳಿಗೆ ಮುಟ್ಟಿಯೇ ಇರಲಿಕ್ಕಿಲ್ಲ. ನಾನು ಏರಿಸುತ್ತಾ ಹೋದೆ. ಓಡುವಾಗ ಡಬ್ಬಿ ಜರುಗಿ ಮೊಳೆ ಚರ್ಮಕ್ಕೆ ಕೂತಿತು. ನೇರ 60. ಅವಳದು ತೆಳು ಚರ್ಮ, ಗಿಡ್ಡ ಕೂದಲು, ತಡೆಯುವುದಕ್ಕೆ ಏನೂ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಶಾಕ್ ಹೊಡೆದ ಕ್ಷಣದಲ್ಲಿ ಕೆಳಗಡೆಯಿಂದ ತಾತ "ಚಂದ್ರೀ" ಅಂತ ಕೂಗಿದ್ದರು. ಕೈ ಬೀಸಿದ್ದರು. ಚಂದ್ರಿ ನೋಡುತ್ತಿದ್ದುದು ಅವರನ್ನೇ. ದಿನಾ ತನ್ನ ಬುತ್ತಿಯ ಮುದ್ದೆಯಲ್ಲಿ ಒಂದು ತುತ್ತು ಅವಳಿಗೆ ಕೊಡುತ್ತಿದ್ದ ಮನುಷ್ಯ. ಮಾರನೇ ದಿನ ಅವರು ನಮ್ಮ ಗೇಟಿನ ಹತ್ತಿರ ಬಂದರೆ ಚಂದ್ರಿ ಮಂಚದ ಕೆಳಗೆ ಸೇರಿಕೊಂಡಳು. ನೋವು ಎಲ್ಲಿಂದ ಬಂತು, ಯಾಕೆ ಬಂತು ಅಂತ ನಾಯಿಗೆ ಹೇಗೆ ತಿಳಿಯಬೇಕು? ಆ ಗಳಿಗೆಯಲ್ಲಿ ಕಣ್ಣೆದುರು ಇದ್ದವರ ಮೇಲೆ ಅದು ಆ ನೋವನ್ನು ಹಾಕಿಬಿಡುತ್ತದೆ. ಮೇಕೆ ಕಂಡರೆ ಮಾತ್ರ ಅವಳಿಗೆ ಈಗಲೂ ಭಯವಿಲ್ಲ.

ಬೀಪ್ ಕೂಡ ಅವಳ ಮನಸ್ಸಿನಲ್ಲಿ ಉಳಿಯಿತು. ಕರೆಂಟ್ ಹೋದಾಗ ನಮ್ಮ ಯುಪಿಎಸ್ ಬೀಪ್ ಅನ್ನುತ್ತದೆ. ಅದಕ್ಕೂ ನಡುಗತೊಡಗಿದಳು. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ದಿನಕ್ಕೆ ನಾಲ್ಕೈದು ಸಲ ಹೋಗುತ್ತದೆ.

ಆ ವಾರವೆಲ್ಲ ಓದಿದೆ. ವೇಲ್ಸ್‌ನಲ್ಲಿ 2010ರಲ್ಲೇ ಈ ಬೆಲ್ಟುಗಳನ್ನು ನಿಷೇಧಿಸಿದ್ದಾರೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಕರೆದರೆ ಬಾರದಂಥ 63 ನಾಯಿಗಳು ಅದರಲ್ಲಿದ್ದವು. ತಿಂಡಿ, ಮೆಚ್ಚುಗೆ ಕೊಟ್ಟು ಕಲಿಸುವುದಕ್ಕಿಂತ ಶಾಕ್ ಹೆಚ್ಚು ಕೆಲಸ ಮಾಡಲಿಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅನಗತ್ಯ ನೋವು ಕೊಡುವುದು ಅಪರಾಧ ಅನ್ನುತ್ತದೆ. ಈ ಬೆಲ್ಟಿನ ಹೆಸರು ಅದರಲ್ಲಿಲ್ಲ. ಇರಬೇಕು ಅಂತ ನನ್ನ ಅಭಿಪ್ರಾಯ. ಪರಿಣತರ ಕೈಯಲ್ಲಿದ್ದರೆ ತೊಂದರೆಯಿಲ್ಲ ಅನ್ನುವವರಿದ್ದಾರೆ. ಆದರೆ ಇದನ್ನು ಕೊಳ್ಳುವವರು ನನ್ನಂಥವರೇ ಜಾಸ್ತಿ. ಗಾಬರಿಯಾದಾಗ ಬೆರಳು ಮೊದಲು ಹೋಗುವುದು ಗುಂಡಿಯ ಮೇಲೆ.

ಈಗ ಹತ್ತು ಮೀಟರ್ ಹಗ್ಗ ಕಟ್ಟಿಕೊಂಡೇ ಹೋಗುತ್ತೇವೆ. ಮೇಕೆ ತುಂಬಾ ದೂರದಲ್ಲಿದ್ದಾಗಲೇ ಸೀಟಿ ಊದುತ್ತೇನೆ. ತಿರುಗಿ ಬಂದರೆ ಬೇಯಿಸಿದ ಮೊಟ್ಟೆ. ಸಂಜೆ ಬಿದಿರು ಕೋಲಿನ ತುದಿಗೆ ಹಳೇ ಬಟ್ಟೆ ಕಟ್ಟಿ ಓಡಿಸುತ್ತೇನೆ, ಅಟ್ಟಿಸಿಕೊಂಡು ಹೋಗುವ ಆಸೆ ಅದರಲ್ಲಿ ಒಂದಿಷ್ಟು ತೀರುತ್ತದೆ. ಐದು ತಿಂಗಳಾಯಿತು. ಹತ್ತು ಸಲ ಸೀಟಿ ಊದಿದರೆ ಏಳೆಂಟು ಸಲ ಬರುತ್ತಾಳೆ. ಮೇಕೆಗಳ ಹತ್ತಿರ ಇವತ್ತಿಗೂ ಹಗ್ಗ ಬಿಚ್ಚುವುದಿಲ್ಲ, ಮುಂದೆಯೂ ಬಿಚ್ಚುವುದಿಲ್ಲ ಅನಿಸುತ್ತದೆ.

ತಾತನಿಗೆ ಎಲ್ಲವನ್ನೂ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ಕೆ ನಾನೇ ಹೊಡ್ದೆ ಅನ್ಕಂಡೈತೆ ಬಿಡವ್ವಾ" ಅಂದರು. ಅವತ್ತಿನಿಂದ ಅವರು ಅವಳನ್ನು ಕರೆಯುವುದಿಲ್ಲ. ಏರಿಯ ಮೇಲಿನ ಚಪ್ಪಡಿ ಕಲ್ಲಿನ ಮೇಲೆ ಮುದ್ದೆಯ ತುತ್ತು ಇಟ್ಟು, ಬೆನ್ನು ತಿರುಗಿಸಿಕೊಂಡು ಕೂರುತ್ತಾರೆ. ತಿಂಗಳುಗಟ್ಟಲೆ ಅದನ್ನು ಕಾಗೆಗಳು ತಿಂದವು. ಮೊನ್ನೆ ಚಂದ್ರಿ ಕಲ್ಲಿನ ತನಕ ಹೋದಳು. ತಾತನ ಬೆನ್ನನ್ನೇ ನೋಡುತ್ತಾ ತುತ್ತು ಎತ್ತಿಕೊಂಡು ನನ್ನ ಹತ್ತಿರ ಓಡಿಬಂದು ತಿಂದಳು. "ತಿಂತಾ?" ಅಂತ ತಾತ ತಿರುಗದೆ ಕೇಳಿದರು. "ತಿಂತು ತಾತ" ಅಂದೆ.