ಐಸ್ ಪ್ಯಾಕ್ ಬೆವರುವ ತನಕ

ಲಸಿಕೆ ಬಿಸಿಯಾದರೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಅನ್ನುವುದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಹೆಚ್ಚು ಹೆದರಬೇಕಾದ್ದು ಎರಡನೆಯದಕ್ಕೇ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ 2ರಿಂದ 8 ಡಿಗ್ರಿಯೊಳಗೇ ಇರಬೇಕು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಅಭಿಯಾನ ಶುರುವಾಯಿತು. ಕಾಫಿ ತೋಟಗಳಿರುವ ಮೂಡಿಗೆರೆ, ಸಕಲೇಶಪುರದ ಕಡೆ ಅದು ಬೆಳಿಗ್ಗೆ ಸ್ವೆಟರ್ ಬಿಚ್ಚದ ಕಾಲ.

ಡೀಪ್ ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಅದನ್ನು ಹಾಗೇ ಕ್ಯಾರಿಯರ್‌ಗೆ, ಅಂದರೆ ಲಸಿಕೆ ಒಯ್ಯುವ ಪೆಟ್ಟಿಗೆಗೆ, ತುಂಬಿದರೆ ಪಕ್ಕದ ವಯಲ್ (ಲಸಿಕೆಯ ಪುಟ್ಟ ಬಾಟಲಿ) ಗಟ್ಟಿಯಾಗುತ್ತದೆ. ಪ್ಯಾಕ್‌ಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿಡಿ. ಮೊದಲು ಮೇಲೆ ಬಿಳಿ ಹಿಮ ಕೂರುತ್ತದೆ, ಆಮೇಲೆ ಅದು ಕರಗಿ ಪ್ಯಾಕ್ ಬೆವರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸದ್ದು ಕೇಳಿದರೆ ಮಾತ್ರ ತುಂಬಬಹುದು. ಇದಕ್ಕೆ ಇಂತಿಷ್ಟೇ ನಿಮಿಷ ಅಂತ ಇಲ್ಲ. ಕಡೂರಿನ ಏಪ್ರಿಲ್‌ನಲ್ಲಿ ಬೇಗ ಆಗುವುದು ಕಳಸದ ಜನವರಿಯಲ್ಲಿ ಒಂದು ಗಂಟೆ ದಾಟಬಹುದು. ಗಡಿಯಾರಕ್ಕಿಂತ ಕಿವಿಯನ್ನು ನಂಬಿ.

ಮಾಮೂಲಿ ಕ್ಯಾರಿಯರ್‌ಗೆ ನಾಲ್ಕು ಪ್ಯಾಕ್, ಹದಿನಾರರಿಂದ ಇಪ್ಪತ್ತು ವಯಲ್ ಹಿಡಿಯುತ್ತದೆ. ಕೋವಿಶೀಲ್ಡ್‌ನ ಒಂದು ವಯಲ್‌ಗೆ ಹತ್ತು ಡೋಸ್, ಡೋಸ್‌ಗೆ ಅರ್ಧ ಎಂಎಲ್. ನೂರು ಜನರ ಸೆಷನ್‌ಗೆ ಹತ್ತು ವಯಲ್ ಸಾಕು. ವಯಲ್‌ಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ನಡುವೆ ಇಡಿ. ಹೆಪ್ಪುಗಟ್ಟಿರಬಹುದು ಅಂತ ಅನುಮಾನ ಬಂದರೂ ಬಳಸಬೇಡಿ. ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಾಣುವುದರಿಂದ ಕಣ್ಣಳತೆಯಲ್ಲಿ ಪಾಸ್ ಮಾಡುವವರೇ ಜಾಸ್ತಿ.

ಇಷ್ಟು ಗೊತ್ತಿದ್ದವರೂ ಆತುರಪಡುತ್ತಾರೆ, ಯಾಕೆಂದರೆ ತೋಟದ ಸಮಯ ಆಸ್ಪತ್ರೆಯ ಸಮಯಕ್ಕೆ ಹೊಂದುವುದಿಲ್ಲ. ಹತ್ತು ಗಂಟೆಗೆ ಲೈನ್ ಮನೆಗೆ (ಕೂಲಿಯವರ ಸಾಲು ಮನೆಗೆ) ಹೋದರೆ ಸಿಗುವುದು ಅಜ್ಜಿಯರು, ಮಕ್ಕಳು ಮತ್ತು ನಾಯಿ. ಸಂಜೆ ಕಾಫಿ ಹಣ್ಣು ತೂಕ ಹಾಕುವ ಹೊತ್ತಿಗೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ ನಿಜ. ಆದರೆ ಬೇಲೂರು, ಆಲೂರು, ಸಕಲೇಶಪುರದ ಆನೆ ಓಡಾಡುವ ಕಡೆ ಕತ್ತಲಾಗುವ ಮೊದಲು ಮನೆ ಸೇರಬೇಕು. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿ ಅಂದರೆ ಯಾರು ಕೂರುತ್ತಾರೆ? ಉಳಿಯುವುದು ಬೆಳಗಿನ ಹಾಜರಿಯ ಹೊತ್ತು. ಅಂದರೆ ಪ್ಯಾಕ್‌ಗಳು ಆರು ಗಂಟೆಗೆಲ್ಲ ಮೇಜಿನ ಮೇಲಿರಬೇಕು, ಅದೂ ದಿನದ ಅತಿ ತಣ್ಣನೆಯ ಹೊತ್ತಿನಲ್ಲಿ. ಫ್ರೀಜರ್ ಇರುವ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಹಿಂದಿನ ದಿನವೇ ಕೇಳಿಕೊಳ್ಳಿ.

ದಿನ ಗೊತ್ತು ಮಾಡುವಾಗ ರೈಟರ್ (ತೋಟದ ಗುಮಾಸ್ತ) ಅಥವಾ ಕೂಲಿಯವರನ್ನು ಕರೆತರುವ ಮೇಸ್ತ್ರಿಯನ್ನು ಕೇಳಬೇಕು. ವಾರದ ರಜೆಯ ಹಿಂದಿನ ದಿನವೇ ಒಳ್ಳೆಯದು. ಜ್ವರ, ಮೈಕೈ ನೋವು ಸಾಮಾನ್ಯವಾಗಿ ಆ ರಾತ್ರಿ, ಮಾರನೆ ದಿನ ಬರುತ್ತದೆ, ರಜೆಯಿದ್ದರೆ ಕೂಲಿ ಹೋಗುವುದಿಲ್ಲ. “ಲಸಿಕೆ ಬೇಡ ಅಂತಲ್ಲ ಸಿಸ್ಟರೇ, ನಾಳೆ ಕೆಲಸಕ್ಕೆ ಹೋಗದಿದ್ರೆ ಸಂತೆಗೆ ಏನು ಮಾಡ್ಲಿ?” ಅನ್ನುವವರಿಗೆ ವೈರಸ್ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲ. ಕಡತದಲ್ಲಿ ‘ನಿರಾಕರಣೆ’ ಅಂತ ಬರೆಯುವುದರಲ್ಲಿ ಅರ್ಧಕ್ಕರ್ಧ ಇದೇ ಅನ್ನುವುದು ನನ್ನ ಅನಿಸಿಕೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಬಳಿ ಗುರುತಿನ ಚೀಟಿ ಇಲ್ಲ ಅಂತ ವಾಪಸ್ ಕಳಿಸುವುದೂ ತಪ್ಪು. ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಹಾಕಲು 2021ರ ಮೇ ತಿಂಗಳಲ್ಲೇ ಕೇಂದ್ರ ಸರ್ಕಾರ ದಾರಿ ಮಾಡಿಕೊಟ್ಟಿತ್ತು.

ಚುಚ್ಚುವ ಜಾಗದಲ್ಲಿ ಎಡವುವುದು ಸಣ್ಣ ಸಣ್ಣ ಕಡೆ. ಒಂದೇ ಸಲ ಬಳಸಲು ಬರುವ ಎಡಿ (ಆಟೋ ಡಿಸೇಬಲ್) ಸಿರಿಂಜ್‌ನ ಪಿಸ್ಟನ್ ಒಂದೇ ಸಲ ಹಿಂದೆ ಬರುತ್ತದೆ. ಹಳೆಯ ಅಭ್ಯಾಸದಲ್ಲಿ ಮೊದಲು ಗಾಳಿ ಎಳೆದು ವಯಲ್‌ಗೆ ತಳ್ಳಲು ಹೋದರೆ ಅಲ್ಲೇ ಲಾಕ್ ಆಗಿ ಸಿರಿಂಜ್ ದಂಡ. ಕೋವಿಶೀಲ್ಡ್ ವಯಲ್ ತೆರೆದ ಹೊತ್ತನ್ನು ಅದರ ಮೇಲೇ ಬರೆಯಿರಿ. ನಾಲ್ಕು ಗಂಟೆ ಕಳೆದರೆ ಉಳಿದದ್ದು ಕಸಕ್ಕೆ. ಹಾಗಾಗಿ ಕೊನೆಯ ವಯಲ್ ತೆರೆಯುವ ಮೊದಲು ಆಶಾ ಕಾರ್ಯಕರ್ತೆ ಒಂದು ಸುತ್ತು ಹೋಗಿ ಜನ ಎಣಿಸಿಕೊಂಡು ಬರಲಿ. ವಯಲ್‌ನಲ್ಲಿ ಸ್ವಲ್ಪ ಹೆಚ್ಚೇ ತುಂಬಿರುತ್ತಾರೆ, ಹನ್ನೊಂದನೆಯ ಡೋಸ್ ಪೂರ್ತಿ ಅರ್ಧ ಎಂಎಲ್ ಬಂದರೆ ಕೊಡಿ. ಎರಡು ವಯಲ್‌ಗಳ ತಳ ಸೇರಿಸಿ ಒಂದು ಡೋಸ್ ಮಾಡುವ ಜಾಣತನ ಬೇಡ.

ಸೂಜಿ ಕಂಡು ಕುಸಿಯುವವರಲ್ಲಿ ಹೆಚ್ಚಿನವರಿಗೆ ಬರುವುದು ಬರೀ ತಲೆಸುತ್ತು. ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ. ಮುಖ ಬಿಳಿಚಿ, ಬೆವರಿ, ನಾಡಿ ನಿಧಾನವಾಗುತ್ತದೆ. ಮಲಗಿಸಿ ಕಾಲು ಎತ್ತಿಟ್ಟರೆ ಎದ್ದು ಕೂರುತ್ತಾರೆ. ಮೈಮೇಲೆ ದದ್ದು, ಉಬ್ಬಸ, ವೇಗವಾದ ಆದರೆ ಬಲವಿಲ್ಲದ ನಾಡಿ ಕಂಡರೆ ಅದು ಬೇರೆಯೇ, ಜೀವಕ್ಕೇ ಕುತ್ತು ತರುವ ಅಲರ್ಜಿ. ಆಗ ದೊಡ್ಡವರಿಗೆ ಒಂದಕ್ಕೆ ಸಾವಿರದ (1:1000) ಅಡ್ರಿನಲಿನ್ ಅರ್ಧ ಎಂಎಲ್, ತೊಡೆಯ ಹೊರಭಾಗದ ಸ್ನಾಯುವಿಗೆ, ತಡಮಾಡದೆ. ಘಾಟಿಯ ತೋಟಕ್ಕೆ 108 ಬರುವ ತನಕ ಕಾಯುವಂತಿಲ್ಲ. ಲಸಿಕೆ ತಂದ ಜೀಪು ಕೊನೆಯವರ ಅರ್ಧ ಗಂಟೆ ಮುಗಿಯುವವರೆಗೆ ಅಲ್ಲೇ ನಿಂತಿರಲಿ.

ತೋಟಕ್ಕೆ ಹೋಗುವುದರಿಂದ ಆಸ್ಪತ್ರೆಗೂ ಲಾಭವಿದೆ. ಎರಡನೇ ಅಲೆಯಲ್ಲಿ ಜ್ವರದ ಸಾಲು, ಲಸಿಕೆ ಸಾಲು ಒಂದೇ ಕಾರಿಡಾರಿನಲ್ಲಿ ನಿಂತ ಕಡೆಗಳಲ್ಲಿ ಲಸಿಕೆಗೆ ಬಂದವರು ಸೋಂಕು ಹೊತ್ತು ಹೋಗುವ ಅಪಾಯವಿತ್ತು. ಸಿಬ್ಬಂದಿಯೂ ಸಾಲುತ್ತಿರಲಿಲ್ಲ. ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು ಹನ್ನೆರಡು ಗಂಟೆಯೂ ಬರುವುದಿಲ್ಲ. ಸಿಲಿಂಡರ್ ಬದಲಿಸುವುದೇ ಕೆಲಸವಾದ ವಾರ್ಡಿನಿಂದ ನರ್ಸ್ ಒಬ್ಬರನ್ನು ಎಳೆದು ಲಸಿಕೆಗೆ ಕೂರಿಸಿದರೆ ಎರಡೂ ಕೆಡುತ್ತವೆ. ಜಾಗಕ್ಕೆ ಶಾಲೆ, ಕಲ್ಯಾಣ ಮಂಟಪ ಯಾವುದಾದರೂ ಆಗುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನ ಮುಚ್ಚಳ ಮುಚ್ಚಿಯೇ ಇದ್ದರೆ ಬಹಳ ಹೊತ್ತು ತಣ್ಣಗಿರುತ್ತದೆ. ಕೆಡಿಸುವುದು “ಒಂದು ಸಲ ನೋಡೋಣ” ಅನ್ನುವ ಕೈ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಎರಡನೇ ಡೋಸಿನ ತಲೆನೋವು ಹೊಸದಲ್ಲ. ಮಂಗನ ಕಾಯಿಲೆ ಲಸಿಕೆಗೂ ಒಂದು ತಿಂಗಳ ಅಂತರದ ಎರಡು ಡೋಸ್, ಆಮೇಲೆ ಬೂಸ್ಟರ್ ಇತ್ತು, ಮೊದಲನೆಯದಕ್ಕೆ ಬಂದವರು ಮುಂದಿನದಕ್ಕೆ ಸಿಗುತ್ತಿರಲಿಲ್ಲ. ಕೋವಿಶೀಲ್ಡ್ ಅಂತರ 2021ರ ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ ಹೋಯಿತು. ಅಷ್ಟರಲ್ಲಿ ಕೂಲಿಯವರು ತೋಟ ಬದಲಿಸಿರುತ್ತಾರೆ, ಸಿಮ್ಮೂ ಬದಲಿಸಿರುತ್ತಾರೆ. ಪಟ್ಟಿಯಲ್ಲಿ ಅವರ ನಂಬರಿನ ಪಕ್ಕ ಕರೆತಂದ ಮೇಸ್ತ್ರಿಯ ನಂಬರನ್ನೂ ಬರೆದುಕೊಳ್ಳಿ. ಮುಂದಿನ ತೋಟಕ್ಕೆ ಗುಂಪನ್ನು ಕರೆದುಕೊಂಡು ಹೋಗುವವನು ಅವನೇ.