ಕಟ್ ಗೆರೆಯ ಮೇಲಿನ ಬದುಕು

ನಮ್ಮ ಬ್ಯಾಚು ಪದವಿ ಓದುತ್ತಿದ್ದ ಕಾಲದ ಸುದ್ದಿಯಿದು. 2010ರ ಆಗಸ್ಟ್‌ನಲ್ಲಿ ಗಾಲ್ಫ್ ಆಟಗಾರ ಅರ್ಜುನ್ ಅಟ್ವಾಲ್ ಅಮೆರಿಕದ ಗ್ರೀನ್ಸ್‌ಬರೊದಲ್ಲಿ ವಿಂಡಮ್ ಚಾಂಪಿಯನ್‌ಷಿಪ್ ಗೆದ್ದು, ಅಲ್ಲಿನ ಅಗ್ರ ವೃತ್ತಿಪರ ಟೂರ್ನಿ ಸರಣಿಯಾದ ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯರಾದರು. ಆ ವಾರ ಅವರ ಕೈಯಲ್ಲಿ ಟೂರ್ ಕಾರ್ಡೇ, ಅಂದರೆ ಟೂರ್‌ನಲ್ಲಿ ಆಡುವ ಸದಸ್ಯತ್ವವೇ, ಇರಲಿಲ್ಲ. ಭುಜದ ಗಾಯದಿಂದ ಆಟ ತಪ್ಪಿತ್ತು, ಗಾಯಗೊಂಡವರಿಗೆ ಕೊಡುವ ಹೆಚ್ಚುವರಿ ಅವಕಾಶಗಳೂ ತೀರಿ ಕೆಲವೇ ವಾರಗಳ ಹಿಂದೆ ಕಾರ್ಡ್ ಹೋಗಿತ್ತು. ಸೋಮವಾರದ ಅರ್ಹತಾ ಸುತ್ತಿನಿಂದ ಒಳಬಂದು, ಟೂರ್ನಿಯ ಮೊದಲ ದಿನವಾದ ಗುರುವಾರ 61 ಹೊಡೆತಗಳಲ್ಲೇ ಸುತ್ತು ಮುಗಿಸಿ (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು), ಭಾನುವಾರ ಒಂದು ಹೊಡೆತದಿಂದ ಗೆದ್ದರು. ಅರ್ಹತಾ ಸುತ್ತಿನಿಂದ ಬಂದವರೊಬ್ಬರು ಹಾಗೆ ಗೆದ್ದದ್ದು 1986ರ ನಂತರ ಅದೇ ಮೊದಲು. ಟೂರ್‌ನ ಸದಸ್ಯರಲ್ಲದ ಕಾರಣ ಆ ಗೆಲುವಿನಿಂದ ಟೂರ್‌ನ ವರ್ಷದ ಅಂಕಪಟ್ಟಿಯಾದ ಫೆಡೆಕ್ಸ್ ಕಪ್‌ನ ಅಂಕ ಸಿಗಲಿಲ್ಲ, ಮುಂದಿನ ವಾರ ಶುರುವಾದ ಪ್ಲೇಆಫ್ ಎಂಬ ಋತುವಿನ ಕೊನೆಯ ಟೂರ್ನಿಗಳಿಗೂ ಪ್ರವೇಶ ಸಿಗಲಿಲ್ಲ. ನಡುಸಾಲಿನ ವೃತ್ತಿಪರ ಗಾಲ್ಫರ್‌ನ ಬದುಕು ಎಂಥದ್ದೆಂದು ಕೇಳುವವರಿಗೆ ನಾನು ಈ ವಾರವನ್ನೇ ತೋರಿಸುತ್ತೇನೆ.

ಸೋಮವಾರದ್ದು 18 ಹೋಲ್‌ಗಳ ಒಂದೇ ಸುತ್ತು, ಹೆಚ್ಚೆಂದರೆ ನಾಲ್ಕೇ ಸ್ಥಾನ. ನಾಲ್ಕು ದಿನದ ಟೂರ್ನಿಯಲ್ಲಿ ಒಂದು ಡಬಲ್ ಬೋಗಿಯನ್ನು, ಅಂದರೆ ಒಂದು ಹೋಲ್‌ನಲ್ಲಿ ನಿಗದಿಗಿಂತ ಎರಡು ಹೊಡೆತ ಹೆಚ್ಚಾದುದನ್ನು, ನಿಧಾನವಾಗಿ ಸರಿದೂಗಿಸಬಹುದು. ಇಲ್ಲಿ ಅದಕ್ಕೆ ಸಮಯವಿಲ್ಲ, ಹಾಗಾಗಿ ಹೋಲಿನ ಬಾವುಟ ಕಂಬವಾದ ಪಿನ್ ಬಂಕರಿನ (ಮರಳುಗುಂಡಿಯ) ಹಿಂದಿದ್ದರೂ ಅದನ್ನೇ ಗುರಿಯಿಟ್ಟು ಹೊಡೆಯಬೇಕು. ಗುರುವಾರ ಅದೇ ಆಟಗಾರ ಮನಸ್ಸು ಬದಲಿಸಿ ಗ್ರೀನಿನ, ಅಂದರೆ ಹೋಲಿನ ಸುತ್ತಲ ನುಣುಪು ಹುಲ್ಲಿನ, ನಡುಭಾಗಕ್ಕೆ ಹೊಡೆಯಲು ಕಲಿತಿರಬೇಕು. ಸೋಮವಾರದ ಧೈರ್ಯವನ್ನೇ ಶುಕ್ರವಾರದವರೆಗೂ ಎಳೆದವರು ಬಹಳ ಮಂದಿ ಕಟ್‌ನಲ್ಲಿ ಉದುರುತ್ತಾರೆ.

36 ಹೋಲ್ ಮುಗಿದ ಮೇಲೆ ಬೀಳುವ ಗೆರೆಯೇ ಕಟ್. ಆಗ ಮೊದಲ 70 ಮಂದಿ ಮತ್ತು ಅವರೊಂದಿಗೆ ಸಮವಾದವರು ಉಳಿಯುತ್ತಿದ್ದರು, ಈಗ 65. ಒಂದು ಹೊಡೆತದಿಂದ ಹೊರಬಿದ್ದರೂ ಬಹುಮಾನ ಸೊನ್ನೆ. ಪ್ರಯಾಣ, ವಸತಿ, ಕ್ಲಬ್ ಚೀಲ ಹೊರುವ ಸಹಾಯಕನಾದ ಕ್ಯಾಡಿಯ ವಾರದ ಸಂಬಳ ಎಲ್ಲವೂ ಆಟಗಾರನ ಜೇಬಿನಿಂದಲೇ, ಏಕೆಂದರೆ ಅವನು ಟೂರ್‌ನ ನೌಕರನಲ್ಲ. ಹಣ ಬಂದರೆ ಅದರಲ್ಲೂ ಕ್ಯಾಡಿಗೆ ಪಾಲುಂಟು. ಕಟ್ ದಾಟಿದರೆ ಶೇ. 5, ಮೊದಲ ಹತ್ತರೊಳಗೆ ಬಂದರೆ 7, ಗೆದ್ದರೆ 10 ಎಂಬುದು ವಾಡಿಕೆ. ಅಟ್ವಾಲ್ ಗೆದ್ದ ಟೂರ್ನಿಯ ಒಟ್ಟು ಬಹುಮಾನ 51 ಲಕ್ಷ ಡಾಲರ್, ಅದರ ಶೇ. 18, ಅಂದರೆ 9,18,000 ಡಾಲರ್ ಗೆದ್ದವರಿಗೆ. ಅಷ್ಟೇ ದೊಡ್ಡ ಟೂರ್ನಿಯಲ್ಲಿ 65ನೆಯವನಿಗೆ ಸಿಗುವುದು ಹತ್ತು ಸಾವಿರಕ್ಕಿಂತ ತುಸು ಹೆಚ್ಚು.

ಇಷ್ಟು ದೊಡ್ಡ ಅಂತರವಿದ್ದರೂ ಆಟದ ಅಂತರ ಬಲು ಸಣ್ಣದು. ವರ್ಷದ ಅತ್ಯುತ್ತಮ ಆಟಗಾರನಿಗೂ ಟೂರ್‌ನ ಸರಾಸರಿ ಆಟಗಾರನಿಗೂ ಸುತ್ತಿಗೆ ಎರಡು ಹೊಡೆತದ ಆಸುಪಾಸಷ್ಟೇ. ಎಂಟು ಅಡಿಯ ಪಟ್ (ಗ್ರೀನಿನ ಮೇಲೆ ಹೋಲಿಗೆ ಉರುಳಿಸುವ ಹೊಡೆತ) ಟೂರ್ ಆಟಗಾರರಿಗೂ ಅರ್ಧಕ್ಕರ್ಧ ತಪ್ಪುತ್ತದೆ. ಹಾಗಾಗಿ ಗ್ರೀನ್ ತಪ್ಪಿದಾಗ ಚಿಪ್ ಎಂಬ ಗ್ರೀನಿನ ಪಕ್ಕದ ಸಣ್ಣ ಹೊಡೆತವನ್ನು ಹೋಲಿನಿಂದ ಎಂಟು ಅಡಿಯ ಬದಲು ನಾಲ್ಕು ಅಡಿಗೆ ನಿಲ್ಲಿಸುವವನು ಪಾರ್ (ಆ ಹೋಲಿಗೆ ನಿಗದಿಯಾದ ಹೊಡೆತಗಳ ಲೆಕ್ಕ) ಉಳಿಸಿಕೊಂಡು ಕಾರ್ಡನ್ನೂ ಉಳಿಸಿಕೊಳ್ಳುತ್ತಾನೆ. ಇದನ್ನು ಬಿಟ್ಟು ದೂರ ಹೊಡೆಯುವ ಆಸೆಗೆ ಬಿದ್ದು ಸ್ವಿಂಗನ್ನೇ ಬದಲಿಸಿದವರ ಕಥೆಗಳು ದುಃಖದವು. ಹಳೆಯ ಲಯ ಹೋಗುತ್ತದೆ, ಹೊಸದು ಒತ್ತಡದಲ್ಲಿ ನಿಲ್ಲುವುದಿಲ್ಲ, ಚೆಂಡು ಎಡಕ್ಕೋ ಬಲಕ್ಕೋ ಎಂದು ಮೊದಲೇ ಹೇಳಲಾಗುವುದಿಲ್ಲ. ಒಂದೇ ಕಡೆಗೆ ತಪ್ಪುವವನು ಅದಕ್ಕೆ ತಕ್ಕಂತೆ ಗುರಿ ಸರಿಸಿ ಬದುಕಬಲ್ಲ. ಎರಡೂ ಕಡೆಗೆ ತಪ್ಪುವವನಿಗೆ ಉಪಾಯವಿಲ್ಲ.

ಕಾರ್ಡಿನ ಲೆಕ್ಕವೂ ಬಿಗಿಯಾಗುತ್ತ ಬಂದಿದೆ. ನಮ್ಮ ಕಾಲದಲ್ಲಿ ಹಣದ ಪಟ್ಟಿಯ ಮೊದಲ 125 ಮಂದಿಗೆ ಪೂರ್ತಿ ಕಾರ್ಡ್ ಉಳಿಯುತ್ತಿತ್ತು. ಈಗ ಅಂಕಪಟ್ಟಿಯ ಮೊದಲ 100 ಮಂದಿಗಷ್ಟೇ. ಆಗ ಅರ್ಹತಾ ಶಾಲೆ ಎಂಬ, ಕಾರ್ಡಿಗಾಗಿ ಆಡುವ ಆಯ್ಕೆ ಟೂರ್ನಿಯ ಕೊನೆಯ ಹಂತ ಆರು ಸುತ್ತು, 108 ಹೋಲ್‌ಗಳದ್ದು, ಮೊದಲ 25 ಮಂದಿಗೆ ಮತ್ತು ಅವರೊಂದಿಗೆ ಸಮವಾದವರಿಗೆ ನೇರ ಕಾರ್ಡ್. ಈಗ ನಾಲ್ಕು ಸುತ್ತು, ಐದು ಕಾರ್ಡ್. ಹೊಸಬರ ಆದ್ಯತಾ ಕ್ರಮವನ್ನು ವರ್ಷದ ನಡುವೆ ಅಂಕ ನೋಡಿ ಮತ್ತೆ ಮತ್ತೆ ಜೋಡಿಸುತ್ತಾರೆ. ಶುರುವಿನಲ್ಲಿ ಹಿಂದೆ ಬಿದ್ದವನಿಗೆ ಮುಂದಿನ ಟೂರ್ನಿಗಳಲ್ಲಿ ಜಾಗ ಸಿಗುವುದೇ ಕಷ್ಟ. ಅದಕ್ಕೇ ಅವಕಾಶ ಸಿಕ್ಕಿದಲ್ಲೆಲ್ಲ ವಾರದ ಮೇಲೆ ವಾರ ಆಡುತ್ತಾರೆ, ಸೊಂಟ ಮತ್ತು ಮಣಿಕಟ್ಟು ಮೊದಲು ಕೈಕೊಡುತ್ತವೆ. ನೋವಿದ್ದಾಗ ಒಂದು ವಾರ ಬಿಡುವುದೂ ಈ ಕಸುಬಿನ ದೊಡ್ಡ ಕೌಶಲವೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಮೆರಿಕದ ಗಾಲ್ಫರ್ ಟಾಡ್ ಹ್ಯಾಮಿಲ್ಟನ್ ಅವರನ್ನು ಇಲ್ಲಿ ನೆನೆಯಲೇಬೇಕು. ಅಮೆರಿಕದಲ್ಲಿ ಕಾರ್ಡ್ ಸಿಗದೆ ವರ್ಷಗಟ್ಟಲೆ ಜಪಾನಿನಲ್ಲಿ ಆಡಿ ಗೆಲ್ಲುತ್ತ ಬಂದವರು, 38ರ ವಯಸ್ಸಿನಲ್ಲಿ ಪಿಜಿಎ ಟೂರ್‌ಗೆ ಹೊಸಬರಾಗಿ ಕಾಲಿಟ್ಟರು. ಅದೇ 2004ರಲ್ಲಿ ರಾಯಲ್ ಟ್ರೂನ್‌ನ ಬ್ರಿಟಿಷ್ ಓಪನ್‌ನಲ್ಲಿ ಎರ್ನಿ ಎಲ್ಸ್ ಅವರನ್ನು, ಸಮಬಲವಾದಾಗ ಆಡುವ ನಾಲ್ಕು ಹೋಲ್‌ಗಳ ಪ್ಲೇಆಫ್‌ನಲ್ಲಿ ಸೋಲಿಸಿದರು. ಕೊನೆಯ ಹೋಲ್‌ನಲ್ಲಿ ಗ್ರೀನಿನ ಮುಂದಿದ್ದ ಚೆಂಡನ್ನು, ಮೇಲಕ್ಕೆ ಎತ್ತಿ ಹೊಡೆಯುವ ವೆಜ್ ಕ್ಲಬ್ ಹಿಡಿದು ಎತ್ತದೆ, ಹೈಬ್ರಿಡ್ ಕ್ಲಬ್‌ನಿಂದ ನೆಲದ ಮೇಲೆಯೇ ಉರುಳಿಸಿ ಹೋಲಿನ ಪಕ್ಕಕ್ಕೆ ತಂದರು. ಗಟ್ಟಿ ನೆಲದಲ್ಲಿ ವೆಜ್‌ನ ಅಂಚು ಪುಟಿದರೆ ಚೆಂಡು ಗ್ರೀನ್ ದಾಟಿ ಹಾರುತ್ತದೆ, ಉರುಳಿಸಿದರೆ ತಪ್ಪಾದರೂ ಸ್ವಲ್ಪವೇ ತಪ್ಪುತ್ತದೆ. ಆಮೇಲೆ ಅವರು ಪಿಜಿಎ ಟೂರ್‌ನಲ್ಲಿ ಮತ್ತೆ ಗೆಲ್ಲಲಿಲ್ಲ. ಇದನ್ನು ವೈಫಲ್ಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಾರ್ಡ್ ಹೋದ ಮೇಲೆ ಹಳೆಯ ವಿಜೇತರಿಗೆ ಖಾಲಿ ಉಳಿದ ಜಾಗಗಳಿವೆ, ಕೆಳಗಿನ ಟೂರ್ ಇದೆ, ಮತ್ತೆ ಸೋಮವಾರಗಳಿವೆ. 50 ತುಂಬಿದವರಿಗೆ ಹಿರಿಯರ ಟೂರ್ ತೆರೆದಿದೆ, ಅಲ್ಲಿಯೂ ಅರ್ಹತಾ ಶಾಲೆಯಿಂದ ಐವರಿಗಷ್ಟೇ ಕಾರ್ಡ್. ಒಳಗೆ ಹೋದರೆ ಹೆಚ್ಚಿನ ಟೂರ್ನಿಗಳು 54 ಹೋಲ್‌ಗಳವು, ಕಟ್ ಇರುವುದಿಲ್ಲ, ಆಡಿ ಮುಗಿಸಿದವರಿಗೆಲ್ಲ ಹಣ ಸಿಗುತ್ತದೆ.